ಓದಲು ಒಂದು ಕುರ್ಚಿ ಬೇಕಾಗಿದೆ

ಮುಂಬಯಿಯ ಕಾಲೇಜುಗಳಲ್ಲಿ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ನೋಟೀಸ್ ಬೋರ್ಡಿಗೆ ಏರಿತೆಂದರೆ ಗ್ರಂಥಾಲಯದ ಬಾಗಿಲೆದುರು ಬೆಳಿಗ್ಗೆಯೇ ಸಾಲು ಬೆಳೆಯತೊಡಗುತ್ತದೆ. ಬಾಗಿಲು ತೆರೆದೊಡನೆ ವಿದ್ಯಾರ್ಥಿಗಳು ಧಾವಿಸುವುದು ಪುಸ್ತಕದ ಕಪಾಟಿನತ್ತ ಅಲ್ಲ. ಗೋಡೆ ಬದಿಯ ಮೇಜು, ಫ್ಯಾನಿನ ಕೆಳಗಿನ ಕುರ್ಚಿ, ಮೊಬೈಲ್ ಚಾರ್ಜ್ ಮಾಡಲು ಪ್ಲಗ್ ಇರುವ ಮೂಲೆ, ಇವುಗಳತ್ತ. ನೋಡನೋಡುತ್ತಿದ್ದಂತೆ ವಾಚನಾಲಯ ಭರ್ತಿಯಾಗುತ್ತದೆ. ಪುಸ್ತಕ ಕೊಡುವ ಕೌಂಟರಿನ ಮುಂದೆ ಮಾತ್ರ ಇಬ್ಬರೋ ಮೂವರೋ ನಿಂತಿರುತ್ತಾರೆ.

ಈ ದೃಶ್ಯ ಕಂಡು, "ಈಗಿನ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ, ಗ್ರಂಥಾಲಯಕ್ಕೆ ಬರುವುದು ಹೊತ್ತು ಕಳೆಯಲು" ಎಂದು ಹಗುರವಾಗಿ ಮಾತಾಡುವವರಿದ್ದಾರೆ. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಸಂಗತಿ ಬೇರೆಯೇ ಇದೆ. ಬಂದವರ ಪೈಕಿ ಹೆಚ್ಚಿನವರು ಓದಲೆಂದೇ ಬಂದವರು. ಅವರ ಕೈಯಲ್ಲಿ ತಮ್ಮದೇ ನೋಟ್ಸ್ ಇದೆ, ಗೆಳತಿಯಿಂದ ಪಡೆದ ಜೆರಾಕ್ಸ್ ಇದೆ, ಮೊಬೈಲಿನಲ್ಲಿ ಕಳೆದ ಐದು ವರ್ಷದ ಪ್ರಶ್ನೆಪತ್ರಿಕೆ ಇದೆ. ಮನೆಯಲ್ಲಿ ಅವರಿಗಿಲ್ಲದ್ದು ಪುಸ್ತಕವಲ್ಲ. ಒಂದು ಕುರ್ಚಿ, ಒಂದು ಮೇಜು, ನಾಲ್ಕು ತಾಸಿನ ನಿಶ್ಶಬ್ದ.

ಗ್ರಂಥಾಲಯವೆಂದರೆ ಪುಸ್ತಕದ ಉಗ್ರಾಣವೆಂದು ತಿಳಿದವರಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆದರೆ ಮುಂಬಯಿಯಂಥ ನಗರದಲ್ಲಿ ಒಬ್ಬ ವಿದ್ಯಾರ್ಥಿ ಪದವಿ ಮುಗಿಸುತ್ತಾನೋ ಅರ್ಧಕ್ಕೆ ಬಿಡುತ್ತಾನೋ ಎಂಬುದನ್ನು ಎಷ್ಟೋ ಸಲ ಈ ಕುರ್ಚಿಯೇ ನಿರ್ಧರಿಸುತ್ತದೆ. ಕನ್ನಡಿಗರ ಸಂಘ-ಸಂಸ್ಥೆಗಳು ಶಿಕ್ಷಣಕ್ಕಾಗಿ ಪ್ರತಿವರ್ಷ ಮಾಡುವ ಖರ್ಚಿನ ದೃಷ್ಟಿಯಿಂದಲೂ ಇದು ಯೋಚಿಸತಕ್ಕ ವಿಷಯ.

ಒಂದೇ ಖೋಲಿಯ ಸಂಸಾರ

ಬಿಡಿಡಿ ಚಾಳುಗಳ ಹೆಸರು ಕೇಳದ ಮುಂಬಯಿಗರಿಲ್ಲ. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯ್‌ಗಾಂವ್, ಶಿವಡಿ ಮೊದಲಾದ ಕಡೆ ಕಟ್ಟಿಸಿದ ಈ ಚಾಳುಗಳಲ್ಲಿ ಒಂದು ಖೋಲಿಯ ವಿಸ್ತೀರ್ಣ 160 ಚದರ ಅಡಿ. ಅಷ್ಟರಲ್ಲೇ ಅಡುಗೆ, ಊಟ, ನಿದ್ದೆ, ನೆಂಟರಿಷ್ಟರು, ಟಿವಿ ಎಲ್ಲವೂ. ಈಗ ಪುನರ್ನಿರ್ಮಾಣ ನಡೆದು ಕುಟುಂಬಗಳು 500 ಚದರ ಅಡಿಯ ಫ್ಲ್ಯಾಟುಗಳಿಗೆ ಹೋಗತೊಡಗಿವೆ ಎಂಬುದು ಸಂತೋಷದ ವಿಷಯ. ಆದರೆ ಮಹಾನಗರದಲ್ಲಿ ಇನ್ನೂ ಅಸಂಖ್ಯ ಕುಟುಂಬಗಳು ಒಂದು ಕೋಣೆ, ಒಂದು ಅಡುಗೆಮನೆಯಲ್ಲೇ ಬದುಕುತ್ತಿವೆ. ಉಪನಗರಗಳ ಚಾಳುಗಳಲ್ಲಿ, ಡೊಂಬಿವಲಿ, ನಾಲಾಸೋಪಾರಾ, ಕಲ್ವಾದ ಹಳೆಯ ಕಟ್ಟಡಗಳಲ್ಲಿ ವಾಸಿಸುವ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ.

ಇಂಥ ಮನೆಯಲ್ಲಿ ಓದುವ ಮಗುವಿನ ದಿನಚರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಸಂಜೆ ಏಳಕ್ಕೆ ತಂದೆ ಬರುತ್ತಾರೆ, ಧಾರಾವಾಹಿ ಶುರುವಾಗುತ್ತದೆ, ಕುಕ್ಕರ್ ಕೂಗುತ್ತದೆ. ಊಟವಾಗಿ ಹಾಸಿಗೆ ಹಾಸಿದ ಮೇಲೆ ದೀಪ ಆರಿಸಬೇಕು, ಏಕೆಂದರೆ ತಂದೆ ಬೆಳಿಗ್ಗೆ ಐದೂವರೆಯ ಲೋಕಲ್ ಹಿಡಿಯಬೇಕು. ಪರೀಕ್ಷೆಯ ಹಿಂದಿನ ರಾತ್ರಿಯೂ ಈ ಕ್ರಮ ಬದಲಾಗುವುದಿಲ್ಲ. ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದಲ್ಲ, ಜಾಗವಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕಾಲೇಜುಗಳು ಮುಚ್ಚಿದಾಗ ಒಂದೇ ಖೋಲಿಯಲ್ಲಿ ಅಣ್ಣನ ಆನ್‌ಲೈನ್ ತರಗತಿ, ತಂಗಿಯ ಆನ್‌ಲೈನ್ ತರಗತಿ, ತಂದೆಯ ಆಫೀಸು ಒಟ್ಟಿಗೆ ನಡೆದಾಗ ಈ ಕೊರತೆ ಮಧ್ಯಮ ವರ್ಗದ ಮನೆಗಳಿಗೂ ಚೆನ್ನಾಗಿ ಅರಿವಿಗೆ ಬಂತು.

ಹಾಗಾಗಿ ಕಾಲೇಜು ಗ್ರಂಥಾಲಯದ ವಾಚನಾಲಯ ಈ ನಗರದಲ್ಲಿ ಸೌಕರ್ಯವಲ್ಲ, ಅಗತ್ಯ. ಅದರಲ್ಲೂ ಹುಡುಗಿಯರ ಪಾಲಿಗೆ. ಹುಡುಗನೊಬ್ಬ ಕಟ್ಟಡದ ಟೆರೇಸಿನಲ್ಲಿಯೋ ರೈಲ್ವೆ ನಿಲ್ದಾಣದ ಬೆಂಚಿನಲ್ಲಿಯೋ ಕುಳಿತು ಓದಿಯಾನು. ಹುಡುಗಿ ಹಾಗೆ ಕೂರಲಾರಳು. ಯಾರೂ ದಿಟ್ಟಿಸದೆ, ಯಾರೂ ಪ್ರಶ್ನಿಸದೆ, ಒಂದು ಚಹಾ ಕೂಡ ಕೊಳ್ಳದೆ ನಾಲ್ಕು ತಾಸು ಕುಳಿತುಕೊಳ್ಳಬಹುದಾದ ಜಾಗ ಅವಳಿಗೆ ಈ ನಗರದಲ್ಲಿ ಎಷ್ಟಿದೆ? ಕಾಲೇಜು ಗ್ರಂಥಾಲಯ ಅಂಥ ಕೆಲವೇ ಜಾಗಗಳಲ್ಲಿ ಒಂದು.

ಯಾರು, ಯಾವಾಗ, ಹೇಗೆ ಕೂರುತ್ತಾರೆ

ಮುಂಬಯಿಯ ಕಾಲೇಜುಗಳಲ್ಲಿ ಗ್ರಂಥಾಲಯದ ಬಳಕೆಗೂ ಗಡಿಯಾರಕ್ಕೂ ಹತ್ತಿರದ ನಂಟು. ವಾಣಿಜ್ಯ ಕಾಲೇಜುಗಳಲ್ಲಿ ಬೆಳಿಗ್ಗೆ ಏಳಕ್ಕೆ ಆರಂಭವಾದ ತರಗತಿ ಹನ್ನೊಂದು-ಹನ್ನೆರಡಕ್ಕೆ ಮುಗಿಯುತ್ತದೆ. ಕೋಚಿಂಗ್ ಕ್ಲಾಸ್ ಇರುವುದು ನಾಲ್ಕಕ್ಕೆ. ಮಧ್ಯೆ ಮನೆಗೆ ಹೋಗಿ ಬರೋಣವೆಂದರೆ ಫೋರ್ಟಿನಿಂದ ಡೊಂಬಿವಲಿಗೆ ಹೋಗುವುದಕ್ಕೇ ಒಂದು ತಾಸಿನ ಮೇಲೆ ಬೇಕು. ಈ ನಾಲ್ಕು ತಾಸು ಕಳೆಯುವುದು ವಾಚನಾಲಯದಲ್ಲಿ. ಹಾಗಾಗಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕುರ್ಚಿಗೆ ಎಲ್ಲಿಲ್ಲದ ಬೇಡಿಕೆ. ಡಬ್ಬಿ ಒಳಗೆ ಒಯ್ಯುವಂತಿಲ್ಲವಾದ್ದರಿಂದ ಊಟಕ್ಕೆ ಎದ್ದು ಹೋಗುವಾಗ ಕುರ್ಚಿಯನ್ನು ಗೆಳತಿಯ ವಶಕ್ಕೆ ಒಪ್ಪಿಸಿ ಹೋಗುವುದು ವಾಡಿಕೆ.

ಓದುವವರಲ್ಲೂ ಬಗೆಗಳಿವೆ. ಒಂಟಿಯಾಗಿ ಓದುವವರು ಒಂದು ಬಗೆ. ಸಿಎ ಪರೀಕ್ಷೆಗೆ ಕೂರುವವರು, ಬ್ಯಾಂಕ್ ಪರೀಕ್ಷೆ, ಎಂಪಿಎಸ್‌ಸಿ, ಯುಪಿಎಸ್‌ಸಿ ಬರೆಯುವವರು ಈ ಗುಂಪಿನವರು. ಇವರಿಗೆ ಗೋಡೆಗೆ ಮುಖಮಾಡಿದ, ಎರಡು ಬದಿಗೂ ಹಲಗೆಯ ಮರೆಯಿರುವ ಮೇಜು ಬೇಕು. ಪಿಸುಮಾತೂ ಆಗದು. ಎರಡನೆಯ ಬಗೆಯವರು ಮೂರು-ನಾಲ್ಕು ಮಂದಿ ಸೇರಿ ಓದುವವರು. ಒಬ್ಬಳಿಗೆ ಅಕೌಂಟ್ಸ್ ಚೆನ್ನಾಗಿ ಬರುತ್ತದೆ, ಇನ್ನೊಬ್ಬಳಿಗೆ ಇಕನಾಮಿಕ್ಸ್. ಕಾಸ್ಟಿಂಗಿನ ಲೆಕ್ಕವನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುತ್ತಾ ಕಲಿಯುವುದು ಇವರ ಪದ್ಧತಿ. ಪ್ರಾಜೆಕ್ಟುಗಳನ್ನು ಗುಂಪಿನಲ್ಲೇ ಮಾಡಬೇಕಾಗಿ ಬಂದ ಮೇಲೆ ಇಂಥವರ ಸಂಖ್ಯೆ ಹೆಚ್ಚಿದೆ. ಮೂರನೆಯವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಪಾಠ ಕೇಳುವವರು. ನೋಡುವವರಿಗೆ ಸಿನೆಮಾ ನೋಡುತ್ತಿರುವಂತೆ ಕಂಡರೂ ಮುಂದೆ ತೆರೆದಿಟ್ಟ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಳಿಯುತ್ತಿರುತ್ತದೆ.

ಇವರೆಲ್ಲ ಒಂದೇ ಹಾಲಿನಲ್ಲಿ ಕೂರಬೇಕಾಗಿ ಬಂದಾಗ ತಂಟೆ ಶುರುವಾಗುತ್ತದೆ. ಗುಂಪಿನವರು ಮಾತಾಡಿದರೆ ಒಂಟಿಯಾಗಿ ಓದುವವರು ಮುಖ ಸಿಂಡರಿಸುತ್ತಾರೆ. ಗ್ರಂಥಪಾಲಕರು ಗದರಿಸಿದರೆ ಗುಂಪು ಕ್ಯಾಂಟೀನಿಗೋ ಮೆಟ್ಟಲಿಗೋ ಹೋಗುತ್ತದೆ. ಕಾಲೇಜಿನ ಮೆಟ್ಟಲುಗಳ ಮೇಲೆ ಪುಸ್ತಕ ಹರಡಿಕೊಂಡು ಕುಳಿತವರನ್ನು ಸೋಮಾರಿಗಳೆಂದು ಭಾವಿಸುವವರೇ ಹೆಚ್ಚು. ಎಷ್ಟೋ ಸಲ ಅವರು ಒಳಗೆ ಮಾತಾಡಲು ಜಾಗವಿಲ್ಲದೆ ಹೊರಬಂದವರು. ಮಾತಾಡಿ ಕಲಿಯಲು ಒಂದು ಕೋಣೆ, ಮೌನವಾಗಿ ಓದಲು ಇನ್ನೊಂದು ಕೋಣೆ ಎಂದು ವಿಂಗಡಿಸಿದ ಕಡೆ ಈ ತಂಟೆ ಬಹುಮಟ್ಟಿಗೆ ನಿಲ್ಲುತ್ತದೆ. ಎರಡನೆಯ ಕೋಣೆ ಇಲ್ಲದ ಕಾಲೇಜುಗಳಲ್ಲಿ ಮಧ್ಯಾಹ್ನದ ನಂತರ ಖಾಲಿಯಾಗುವ ತರಗತಿ ಕೋಣೆಯನ್ನೇ ಇದಕ್ಕೆ ಬಿಟ್ಟುಕೊಡಲು ಸಾಧ್ಯವಿದೆ.

ಕುರ್ಚಿಯ ಮೇಲೆ ಬ್ಯಾಗು

ವಾಚನಾಲಯಗಳಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವುದು ಬ್ಯಾಗಿಟ್ಟು ಹಿಡಿದಿಟ್ಟ ಕುರ್ಚಿ. ಬೆಳಿಗ್ಗೆ ಬಂದು ಮೇಜಿನ ಮೇಲೆ ನೋಟ್‌ಬುಕ್ ಇಟ್ಟು ತರಗತಿಗೆ ಹೋದವರು ಎರಡು ತಾಸು ಬಿಟ್ಟು ಬಂದು ಹಕ್ಕು ಚಲಾಯಿಸುತ್ತಾರೆ. ಇದು ಮುಂಬಯಿಯದ್ದೇ ಚಾಳಿ ಎಂದು ತಿಳಿಯಬೇಕಾಗಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಸಾಮರ್ 1960ರ ದಶಕದಲ್ಲಿ ಗ್ರಂಥಾಲಯಗಳಲ್ಲಿ ವಿದ್ಯಾರ್ಥಿಗಳು ಹೇಗೆ ಕೂರುತ್ತಾರೆಂಬುದನ್ನೇ ಅಭ್ಯಾಸ ಮಾಡಿದವರು. ಒಂಟಿಯಾಗಿ ಬಂದವರು ಮೇಜಿನ ತುದಿಯ ಕುರ್ಚಿಯನ್ನು ಹೆಚ್ಚಾಗಿ ಆರಿಸಿಕೊಳ್ಳುವುದನ್ನೂ, ಬೇರೆಯವರು ಹತ್ತಿರ ಬರದಂತೆ ಮಾಡಬಯಸುವವರು ಮಧ್ಯದ ಕುರ್ಚಿಯನ್ನು ಬಯಸುವುದನ್ನೂ ಅವರು ಗುರುತಿಸಿದರು. ಕುರ್ಚಿ ಹಿಡಿದಿಡಲು ಇಟ್ಟ ವಸ್ತು ಒಬ್ಬರ ಸ್ವಂತದ್ದೆಂದು ಕಂಡರೆ, ಅಂದರೆ ಕೋಟು ಅಥವಾ ನೋಟ್‌ಬುಕ್ ಆಗಿದ್ದರೆ, ಜನ ಆ ಕುರ್ಚಿಯನ್ನು ಮುಟ್ಟದೆ ಬಿಡುತ್ತಾರೆ. ಗ್ರಂಥಾಲಯದ್ದೇ ನಿಯತಕಾಲಿಕಗಳನ್ನು ರಾಶಿ ಹಾಕಿಟ್ಟರೆ ಅಷ್ಟು ಮರ್ಯಾದೆ ಸಿಗುವುದಿಲ್ಲ ಎಂಬುದೂ ಅವರ ತಂಡದ ಪ್ರಯೋಗಗಳಲ್ಲಿ ಕಂಡುಬಂತು. ವಿರಾರ್ ಲೋಕಲಿನಲ್ಲಿ ಸೀಟಿನ ಮೇಲೆ ಕರವಸ್ತ್ರ ಎಸೆದು ಗೆಳೆಯನಿಗೆ ಜಾಗ ಹಿಡಿಯುವವರಿಗೆ ಈ ಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ.

ಅಮೆರಿಕದ್ದೇ ಇನ್ನೊಂದು ಉದಾಹರಣೆ ಹೆಚ್ಚು ಉಪಯುಕ್ತ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯ ಮಾನವಶಾಸ್ತ್ರಜ್ಞೆ ನ್ಯಾನ್ಸಿ ಫಾಸ್ಟರ್ ಅವರನ್ನು ಕರೆಸಿ ತನ್ನ ವಿದ್ಯಾರ್ಥಿಗಳು ನಿಜವಾಗಿ ಎಲ್ಲಿ, ಯಾವಾಗ, ಹೇಗೆ ಓದುತ್ತಾರೆಂದು ತಿಳಿದುಕೊಳ್ಳಲು ಹೊರಟಿತು. ವಿದ್ಯಾರ್ಥಿಗಳ ಕೈಗೇ ಕ್ಯಾಮೆರಾ ಕೊಟ್ಟು ತಾವು ಓದುವ ಜಾಗದ ಚಿತ್ರ ತೆಗೆಯಲು ಹೇಳಿದರು, ದಿನವಿಡೀ ಓಡಾಡಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಲು ಹೇಳಿದರು, ತಮಗೆ ಬೇಕಾದ ಗ್ರಂಥಾಲಯವನ್ನು ಚಿತ್ರಿಸಲು ಹೇಳಿದರು. 2007ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನದಿಂದ ಗೊತ್ತಾದ ಒಂದು ಸಂಗತಿ ಬಹಳ ಸರಳ. ವಿದ್ಯಾರ್ಥಿಗಳು ಗಂಭೀರವಾಗಿ ಓದಲು ಕೂರುವುದು ಹೆಚ್ಚಾಗಿ ರಾತ್ರಿ. ಸಹಾಯ ಮಾಡಬೇಕಾದ ಗ್ರಂಥಪಾಲಕರು ಆ ಹೊತ್ತಿಗೆ ಮನೆ ಸೇರಿರುತ್ತಾರೆ.

ಮುಂಬಯಿಯ ಗ್ರಂಥಾಲಯಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕಾಲೇಜು ಕಚೇರಿಯ ವೇಳೆಯೇ ಗ್ರಂಥಾಲಯದ ವೇಳೆಯೂ ಆದಲ್ಲಿ ಸಂಜೆ ಐದೂವರೆ, ಆರಕ್ಕೆ ಬಾಗಿಲು ಬೀಳುತ್ತದೆ. ಹಗಲು ಅಂಗಡಿಯಲ್ಲೋ ಕೊರಿಯರ್ ಕಚೇರಿಯಲ್ಲೋ ದುಡಿದು ಓದುವ ವಿದ್ಯಾರ್ಥಿಗೆ ಬಿಡುವಾಗುವುದೇ ಆಗ. ಪರೀಕ್ಷೆಯ ದಿನಗಳಲ್ಲಿ ಕೆಲವು ಕಾಲೇಜುಗಳು ವೇಳೆ ವಿಸ್ತರಿಸುವುದುಂಟು, ಅದು ಶ್ಲಾಘನೀಯ. ಆದರೆ ಖಾಲಿ ಬಿದ್ದ ಹುದ್ದೆಗಳು, ಸಿಬ್ಬಂದಿಯ ಓವರ್‌ಟೈಮ್, ಕಾವಲುಗಾರ, ಕರೆಂಟ್ ಬಿಲ್ಲು ಇವುಗಳ ತೊಡಕನ್ನೂ ಅಲ್ಲಗಳೆಯುವಂತಿಲ್ಲ. ಗ್ರಂಥಪಾಲಕರೂ ಸಂಸಾರಸ್ಥರೇ, ಅವರೂ ಲೋಕಲ್ ಹಿಡಿಯಬೇಕಾದವರೇ.

ರಾಜಾಬಾಯಿ ಗೋಪುರದಿಂದ ಸಿದ್ಧಾರ್ಥ ಕಾಲೇಜಿನವರೆಗೆ

ಓದುವವರಿಗೆ ಜಾಗ ಮಾಡಿಕೊಡುವುದು ಈ ನಗರದ ಹಳೆಯ ಸಂಪ್ರದಾಯ. ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. 1864ರಲ್ಲಿ ಹತ್ತಿ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್ ಅದರ ಗ್ರಂಥಾಲಯ ಕಟ್ಟಡಕ್ಕೆ ಎರಡು ಲಕ್ಷ ರೂಪಾಯಿ, ಅನಂತರ ತಾಯಿ ರಾಜಾಬಾಯಿಯ ಹೆಸರಿನಲ್ಲಿ ಗಡಿಯಾರ ಗೋಪುರಕ್ಕೆ ಮತ್ತೆ ಎರಡು ಲಕ್ಷ ರೂಪಾಯಿ ದಾನ ಮಾಡಿದರು. ಆ ಕಾಲಕ್ಕೆ ಅದು ಊಹೆಗೂ ಮೀರಿದ ಮೊತ್ತ. ಇಂಗ್ಲೆಂಡಿನ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ನಕ್ಷೆ ಹಾಕಿಕೊಟ್ಟ ಕಟ್ಟಡ 1869ರಲ್ಲಿ ಆರಂಭವಾಗಿ 1878ರಲ್ಲಿ ಮುಗಿಯಿತು. ಗೋಪುರದ ಎತ್ತರ 280 ಅಡಿ. ಕಣ್ಣು ಕಾಣದ ತಾಯಿಗೆ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಜೈನ ವ್ರತ ಪಾಲಿಸಲು ಗಂಟೆಯ ಶಬ್ದ ಕೇಳಿಸಲೆಂದು ಮಗ ಗೋಪುರ ಕಟ್ಟಿಸಿದನೆಂಬ ಪ್ರತೀತಿಯೂ ಇದೆ. ಬಣ್ಣದ ಗಾಜಿನ ಕಿಟಕಿಗಳ ಆ ವಾಚನಾಲಯದಲ್ಲಿ ಕುಳಿತು ಓದಿದವರು ತಲೆಮಾರುಗಳಷ್ಟು. 2015ರಲ್ಲಿ ಇದರ ಜೀರ್ಣೋದ್ಧಾರ ನಡೆಯಿತು. 2018ರಲ್ಲಿ ಓವಲ್ ಮೈದಾನದ ಸುತ್ತಲಿನ ಕಟ್ಟಡಗಳೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಅಲ್ಲಿಂದ ಸ್ವಲ್ಪ ದೂರದ ಕಾಲಾಘೋಡಾದಲ್ಲಿರುವ ಡೇವಿಡ್ ಸಾಸೂನ್ ಗ್ರಂಥಾಲಯದ ಕಥೆಯೂ ಇಲ್ಲಿ ಉಲ್ಲೇಖನೀಯ. 1847ರಲ್ಲಿ ಸರಕಾರಿ ಟಂಕಸಾಲೆ ಮತ್ತು ಹಡಗುಕಟ್ಟೆಯ ಯುವ ನೌಕರರು ತಮ್ಮ ಜ್ಞಾನವೃದ್ಧಿಗೆಂದು ಕಟ್ಟಿಕೊಂಡ ಸಂಸ್ಥೆಯಿದು. ಈಗಿನ ಕಟ್ಟಡ 1870ರದ್ದು. ದುಡಿಯುವವರು ತಮಗಾಗಿ ತಾವೇ ಓದುವ ಜಾಗ ಮಾಡಿಕೊಂಡ ಉದಾಹರಣೆ ಇದು.

ದುಡಿಯುತ್ತಾ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅವರು ಪೀಪಲ್ಸ್ ಎಜುಕೇಶನ್ ಸೊಸೈಟಿಯ ಮೂಲಕ 1946ರಲ್ಲಿ ಸಿದ್ಧಾರ್ಥ ಕಾಲೇಜು ಆರಂಭಿಸಿದರು. ಬೆಳಗಿನ ತರಗತಿ ಮುಗಿಸಿ ನೌಕರಿಗೆ ಹೋಗುವ ಸೌಲಭ್ಯವಿದ್ದ ಅಲ್ಲಿ ಓದಿ ಬ್ಯಾಂಕು, ಎಲ್‌ಐಸಿ, ರೈಲ್ವೆಗಳಲ್ಲಿ ಸೇರಿದ ಕನ್ನಡಿಗರೂ ಇದ್ದಾರೆ. ಅದಕ್ಕೂ ಮೊದಲು ಅವರಲ್ಲಿ ಹಲವರು ಕರಾವಳಿಯಿಂದ ಬರಿಗೈಯಲ್ಲಿ ಬಂದು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಎಸ್‌ಎಸ್‌ಸಿ ಮುಗಿಸಿದವರು. ಮೊಗವೀರ, ಬಿಲ್ಲವ, ಬಂಟ ಸಮಾಜದ ಸಂಘಟನೆಗಳು ನಡೆಸಿದ ಆ ರಾತ್ರಿಶಾಲೆಗಳು ಮುಂಬಯಿ ಕನ್ನಡಿಗರ ಇತಿಹಾಸದ ಹೆಮ್ಮೆಯ ಅಧ್ಯಾಯ. ಹೋಟೆಲಿನ ಮಾಳದಲ್ಲಿ ಮಲಗುತ್ತಿದ್ದ ಹುಡುಗನಿಗೆ ರಾತ್ರಿಶಾಲೆ ಕೊಟ್ಟದ್ದು ಪಾಠ ಮಾತ್ರವಲ್ಲ. ದಿನಕ್ಕೆ ಎರಡು-ಮೂರು ತಾಸು ದೀಪದ ಕೆಳಗೆ ಕೂರಲು ಒಂದು ಬೆಂಚನ್ನೂ ಕೊಟ್ಟಿತು. ಹುಡುಗರು ಬರುವುದು ನಿಂತ ಮೇಲೆ ಆ ಶಾಲೆಗಳಲ್ಲಿ ಹಲವು ಮುಚ್ಚಿದವು. ಪಾಠ ಬೇರೆ ಕಡೆ ಸಿಕ್ಕಿತು. ಬೆಂಚು ಮಾತ್ರ ಬೇರೆ ಕಡೆ ಸಿಗಲಿಲ್ಲ.

ಪುಸ್ತಕ ಮೊಬೈಲಿಗೆ ಬಂತು

ಸರಕಾರದ ಗಮನ ಇತ್ತೀಚೆಗೆ ಓದುವ ಸಾಮಗ್ರಿಯ ಮೇಲಿದೆ, ಅದು ಒಳ್ಳೆಯದೇ. ಐಐಟಿ ಖರಗ್‌ಪುರದ ನ್ಯಾಷನಲ್ ಡಿಜಿಟಲ್ ಲೈಬ್ರರಿ 2018ರಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸುಮಾರು 13,000 ಇ-ಜರ್ನಲ್‌ಗಳು. 6,300ಕ್ಕೂ ಮಿಕ್ಕಿದ ಸರಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಪ್ರಯೋಜನ. ಒಂದು ಕಾಲಕ್ಕೆ ದೊಡ್ಡ ವಿಶ್ವವಿದ್ಯಾಲಯದವರಿಗಷ್ಟೇ ಸಿಗುತ್ತಿದ್ದ ಲೇಖನಗಳು ಸಣ್ಣ ಊರಿನ ಕಾಲೇಜಿಗೂ ಸಿಗುವಂತಾಗುವುದು ದೊಡ್ಡ ಸಂಗತಿ.

ಆದರೆ ಇ-ಜರ್ನಲ್ಲನ್ನು ಓದಲೂ ಕೂರಬೇಕಷ್ಟೆ. ಪುಸ್ತಕ ಮೊಬೈಲಿಗೆ ಬಂದಷ್ಟೂ ಗ್ರಂಥಾಲಯದ ಕುರ್ಚಿ ಖಾಲಿಯಾದೀತೆಂದು ಭಾವಿಸಿದವರ ಲೆಕ್ಕ ತಪ್ಪಿದೆ. ಕಪಾಟು ಖಾಲಿ ಬೀಳಬಹುದು, ಕುರ್ಚಿ ಬೀಳಲಿಲ್ಲ. ಕಾಲೇಜುಗಳ ಆಡಳಿತ ಮಂಡಳಿಗಳು ಮಾತ್ರ ಇನ್ನೂ ಎಷ್ಟು ಪುಸ್ತಕ ಕೊಂಡೆವು, ಎಷ್ಟು ಪುಸ್ತಕ ಹೊರಗೆ ಹೋಯಿತು ಎಂಬುದರಿಂದಲೇ ಗ್ರಂಥಾಲಯವನ್ನು ಅಳೆಯುತ್ತವೆ. ಆ ಅಂಕಿ ಇಳಿದಾಗ, "ಯಾರೂ ಬರುವುದಿಲ್ಲವಲ್ಲ" ಎಂದು ವಾಚನಾಲಯದ ಅರ್ಧವನ್ನು ಕಂಪ್ಯೂಟರ್ ಲ್ಯಾಬಿಗೋ ಕಚೇರಿಗೋ ಬಿಟ್ಟುಕೊಡುವ ಅಪಾಯವಿದೆ. ಲೆಡ್ಜರಿನ ಒಂದು ಬದಿಯನ್ನು ಮಾತ್ರ ಕೂಡಿಸಿದರೆ ಬ್ಯಾಲೆನ್ಸ್ ಸರಿ ಬರುವುದು ಹೇಗೆ? ದಿನಕ್ಕೆ ಎಷ್ಟು ಮಂದಿ ಬಂದರು, ಎಷ್ಟು ತಾಸು ಕುಳಿತರು, ಎಷ್ಟು ಮಂದಿ ಜಾಗವಿಲ್ಲದೆ ಮರಳಿದರು ಎಂಬುದನ್ನೂ ಬರೆದಿಡಬೇಕು. ಕೊನೆಯ ಅಂಕಿ ಎಲ್ಲಕ್ಕಿಂತ ಮುಖ್ಯ. ಯಾವ ರಿಜಿಸ್ಟರಿನಲ್ಲೂ ಅದಕ್ಕೊಂದು ಕಾಲಮ್ ಇರುವುದಿಲ್ಲ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಡಾ. ಎಸ್.ಆರ್. ರಂಗನಾಥನ್ ಅವರಿಗೆ ಇದು ಚೆನ್ನಾಗಿ ತಿಳಿದಿತ್ತು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕವಿರುವುದು ಕಾಪಾಡಿಡಲಿಕ್ಕಲ್ಲ, ಬಳಕೆಗೆ ಎಂಬ ಅರ್ಥದ್ದು. ಆ ಮೊದಲ ಸೂತ್ರದ ವಿವರಣೆಯಲ್ಲಿಯೇ ಅವರು ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು ಎಂಬುದನ್ನು ಚರ್ಚಿಸಿದ್ದಾರೆ. ಅಂದರೆ ವೇಳೆ ಮತ್ತು ಕುರ್ಚಿ ಅವರ ಪಾಲಿಗೆ ಪುಸ್ತಕದ ನಂತರದ ಮಾತಲ್ಲ, ಪುಸ್ತಕದ ಬಳಕೆಯ ಭಾಗವೇ. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಸ್ಥಾಪನೆಯಾಗಲು ಕಾರಣರಾದರು. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಜಾಗ ಸಿಗದವರು ಎಲ್ಲಿಗೆ ಹೋಗುತ್ತಾರೆ?

ಗ್ರಂಥಾಲಯದಲ್ಲಿ ಜಾಗ ಸಿಗದವರು ಓದುವುದನ್ನು ಬಿಡುವುದಿಲ್ಲ, ಬೇರೆ ಜಾಗ ಹುಡುಕುತ್ತಾರೆ. ವರ್ಲಿಯಲ್ಲಿ 'ಅಭ್ಯಾಸ್ ಗಲ್ಲಿ' ಎಂದೇ ಹೆಸರಾದ ರಸ್ತೆಯೊಂದಿದೆ. ಸುತ್ತಲಿನ ಬಿಡಿಡಿ ಚಾಳುಗಳ ಮಕ್ಕಳು ದಶಕಗಳಿಂದ ಅಲ್ಲಿ ಬೀದಿದೀಪದ ಬೆಳಕಿನಲ್ಲಿ ಓದಿ ದೊಡ್ಡವರಾಗಿದ್ದಾರೆ. ಮರಾಠಿ ಬಾಂಧವರು ಇದನ್ನು ಅರಿತು ಬಹಳ ಹಿಂದಿನಿಂದಲೂ 'ಅಭ್ಯಾಸಿಕಾ' ಎಂಬ ಓದುಕೋಣೆಗಳನ್ನು ನಡೆಸುತ್ತಾ ಬಂದಿದ್ದಾರೆ. ಮಹಾನಗರಪಾಲಿಕೆ, ಗಣೇಶೋತ್ಸವ ಮಂಡಲಗಳು, ವ್ಯಾಯಾಮಶಾಲೆಗಳು ಇವುಗಳ ಹಿಂದಿವೆ. ಹತ್ತು ಮೇಜು, ಟ್ಯೂಬ್‌ಲೈಟು, ಫ್ಯಾನು, ಕುಡಿಯುವ ನೀರು, ಒಂದು ರಿಜಿಸ್ಟರು. ಇಷ್ಟೇ ಬಂಡವಾಳ.

ಇನ್ನೊಂದು ಬಗೆಯ ಜಾಗವೂ ಹುಟ್ಟಿಕೊಂಡಿದೆ. ಅದೇ ತಿಂಗಳ ಬಾಡಿಗೆಯ ಸ್ಟಡಿ ರೂಮು. ಪುಣೆಯ ಸದಾಶಿವ ಪೇಠೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ, ದೆಹಲಿಯ ಮುಖರ್ಜಿ ನಗರ, ರಾಜಿಂದರ್ ನಗರಗಳಲ್ಲಿ ಯುಪಿಎಸ್‌ಸಿ ಅಭ್ಯರ್ಥಿಗಳಿಗಾಗಿ ಇವು ಬೀದಿಗೊಂದರಂತೆ ಬೆಳೆದಿವೆ. ಮೇಜು, ಲಾಕರ್, ವೈಫೈಗೆ ಒಂದು ದರ, ಏಸಿಗೆ ಇನ್ನೊಂದು ದರ. ಊರಿನಿಂದ ಬಂದು ಹತ್ತು ಅಡಿಯ ಕೋಣೆಯಲ್ಲಿ ಮೂವರಂತೆ ಇರುವ ಹುಡುಗರಿಗೆ ಇದನ್ನು ಬಿಟ್ಟರೆ ಗತಿಯಿಲ್ಲ.

ಇದರ ಕರಾಳ ಮುಖ ದೇಶಕ್ಕೆ ಕಂಡದ್ದು 2024ರ ಜುಲೈ 27ರ ಸಂಜೆ. ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿದ್ದ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಉತ್ತರಪ್ರದೇಶ, ತೆಲಂಗಾಣ, ಕೇರಳಗಳಿಂದ ಓದಲು ಬಂದಿದ್ದ ಇಬ್ಬರು ಯುವತಿಯರು ಮತ್ತು ಒಬ್ಬ ಯುವಕ ಮೃತಪಟ್ಟರು. ಆ ನೆಲಮಾಳಿಗೆಗೆ ಅನುಮತಿ ಇದ್ದದ್ದು ಸಾಮಾನು ಇಡಲು ಮತ್ತು ವಾಹನ ನಿಲ್ಲಿಸಲು, ಮಕ್ಕಳನ್ನು ಕೂರಿಸಲು ಅಲ್ಲ. ಓದಲು ಒಂದು ಕುರ್ಚಿ ಹುಡುಕಿಕೊಂಡು ಹೋದ ಮೂವರು ಮನೆಗೆ ಮರಳಲಿಲ್ಲ. ಮಗ ಅಥವಾ ಮಗಳು "ಲೈಬ್ರರಿಗೆ ಹೋಗಿ ಬರುತ್ತೇನೆ" ಎಂದರೆ ಹೆತ್ತವರು ನಿಶ್ಚಿಂತರಾಗಿರುತ್ತಾರೆ. ಯಾವ ಲೈಬ್ರರಿ, ಎಷ್ಟನೆಯ ಮಹಡಿ, ಹೊರಬರಲು ಎಷ್ಟು ದಾರಿ ಎಂದು ಕೇಳಬೇಕಾದ ಕಾಲ ಇದು.

ಸಂಘಗಳ ಸಭಾಗೃಹ ಏನು ಮಾಡಬಹುದು?

ಮುಂಬಯಿ, ಪುಣೆ ಮೊದಲಾದ ನಗರಗಳ ಕನ್ನಡ ಸಂಘಗಳೂ ಸಮಾಜದ ಸಂಘಟನೆಗಳೂ ವಿದ್ಯೆಗಾಗಿ ಮಾಡುವ ಕೆಲಸ ಕಡಿಮೆಯೇನಲ್ಲ. ಜೂನ್ ತಿಂಗಳಲ್ಲಿ ಪುಸ್ತಕ ವಿತರಣೆ, ಆಗಸ್ಟ್-ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿವೇತನ, ವಾರ್ಷಿಕೋತ್ಸವದಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಪ್ರತಿಭಾ ಪುರಸ್ಕಾರ, ಶಾಲು, ಸ್ಮರಣಿಕೆ, ಚಪ್ಪಾಳೆ. ಎಲ್ಲವೂ ಬೇಕಾದದ್ದೇ. ಆದರೆ ಇವುಗಳಲ್ಲಿ ಸನ್ಮಾನ ನಡೆಯುವುದು ಫಲಿತಾಂಶ ಬಂದ ನಂತರ. ಶೇಕಡಾ 90 ಬಂದವನಿಗೆ ವೇದಿಕೆಯಲ್ಲಿ ಕುರ್ಚಿ ಸಿಗುತ್ತದೆ. ಓದಲು ಜಾಗವಿಲ್ಲದೆ ಶೇಕಡಾ 50ಕ್ಕೆ ನಿಂತವನಿಗೆ ಪರೀಕ್ಷೆಗೆ ಮೊದಲು ಒಂದು ಕುರ್ಚಿ ಕೊಟ್ಟಿದ್ದರೆ ಅವನೂ ವೇದಿಕೆಯ ತನಕ ಬರುತ್ತಿದ್ದನೇನೋ.

ಸ್ವಂತ ಕಟ್ಟಡವಿರುವ ಸಂಘಗಳಿಗೆ ಒಂದು ಸರಳ ಲೆಕ್ಕ. ಸಂಘದ ಸಣ್ಣ ಸಭಾಗೃಹವೊಂದರಲ್ಲಿ 40 ಕುರ್ಚಿಗಳಿವೆ ಎಂದಿಟ್ಟುಕೊಳ್ಳೋಣ. ವಾರದ ಐದು ದಿನ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಅಲ್ಲಿ ಕಾರ್ಯಕ್ರಮ ಇಲ್ಲವೆನ್ನೋಣ. ದಿನಕ್ಕೆ 8 ತಾಸಿನಂತೆ ವರ್ಷದಲ್ಲಿ 200 ದಿನ ತೆರೆದರೂ ಒಟ್ಟು 64,000 ತಾಸು. ಒಬ್ಬ ವಿದ್ಯಾರ್ಥಿ ವರ್ಷಕ್ಕೆ 400 ತಾಸು ಕುಳಿತು ಓದಿದರೆ 160 ವಿದ್ಯಾರ್ಥಿಗಳಿಗೆ ಸಾಲುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ನಿವೇಶನ ಬೇಡ, ಹೊಸ ನಿಧಿಸಂಗ್ರಹ ಬೇಡ. ಇರುವ ಬಾಗಿಲು ತೆರೆಯಬೇಕು.

ತೊಡಕುಗಳಿಲ್ಲವೆಂದಲ್ಲ. ಮದುವೆ, ಮುಂಜಿ, ಸಭೆಗಳ ಬಾಡಿಗೆಯಿಂದಲೇ ಎಷ್ಟೋ ಸಂಘಗಳ ಖರ್ಚು ಸಾಗುತ್ತಿದೆ. ಬಾಡಿಗೆಯ ದಿನ ಮಕ್ಕಳನ್ನು ಎಬ್ಬಿಸಿದರೆ ಓದುಕೋಣೆಯ ಮೇಲಿನ ಭರವಸೆ ಹೋಗುತ್ತದೆ. ಆದ್ದರಿಂದ ದೊಡ್ಡ ಸಭಾಗೃಹಕ್ಕಿಂತ ಸಮಿತಿ ಸಭೆಯ ಕೋಣೆ ಅಥವಾ ಸಂಘದ ಗ್ರಂಥಾಲಯದ ಕೋಣೆಯೇ ಇದಕ್ಕೆ ಸೂಕ್ತ. ಹತ್ತೇ ಕುರ್ಚಿಯಾದರೂ ಪ್ರತಿದಿನ ನಿಶ್ಚಿತವಾಗಿ ಸಿಗುವಂತಿರಬೇಕು. ಯಾರು ಬಂದರು, ಯಾರು ಹೋದರು ಎಂದು ಬರೆದಿಡುವ ರಿಜಿಸ್ಟರು ಬೇಕು. ಹುಡುಗಿಯರು ನಿರ್ಭಯವಾಗಿ ಬರುವಂತಿರಬೇಕಾದರೆ ಸ್ವಚ್ಛವಾದ ಶೌಚಾಲಯ, ಬೆಳಕಿರುವ ಮೆಟ್ಟಲು, ಮಹಿಳಾ ವಿಭಾಗದ ಒಬ್ಬರ ಉಸ್ತುವಾರಿ ಬೇಕು. ಹೊರಹೋಗಲು ಎರಡು ದಾರಿ, ಕೆಲಸ ಮಾಡುವ ಅಗ್ನಿಶಾಮಕ ಉಪಕರಣ ಇರಲೇಬೇಕು. ನೆಲಮಾಳಿಗೆ ಬೇಡವೇ ಬೇಡ.

ಬಾಗಿಲು ತೆರೆದು ಕೂರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಂಘಗಳಲ್ಲೇ ಇದೆ. ಬ್ಯಾಂಕು, ರೈಲ್ವೆ, ಶಾಲೆಗಳಿಂದ ನಿವೃತ್ತರಾಗಿ ದಿನಪತ್ರಿಕೆ ಓದಲು ಸಂಘಕ್ಕೆ ಬರುವ ಹಿರಿಯರು ಎಲ್ಲೆಡೆ ಇದ್ದಾರೆ. ವಾರಕ್ಕೊಬ್ಬರಂತೆ ಪಾಳಿ ಹಾಕಿಕೊಂಡರೆ ಯಾರಿಗೂ ಭಾರವಾಗದು. ಹುಡುಗರಿಗೆ ಅಕೌಂಟ್ಸಿನ ಒಂದು ಎಂಟ್ರಿ ತಿಳಿಯದಿದ್ದಾಗ ಹೇಳಿಕೊಡಲು ಪಕ್ಕದಲ್ಲೇ ಒಬ್ಬರು ಸಿಕ್ಕರೆ ಅದು ಕಾಲೇಜು ಗ್ರಂಥಾಲಯದಲ್ಲೂ ಸಿಗದ ಲಾಭ. ಸಂಘದ ಬಾಗಿಲು ತುಳಿಯದ ಯುವಜನರ ಬಗ್ಗೆ ಪ್ರತಿ ಮಹಾಸಭೆಯಲ್ಲಿ ಕೇಳಿಬರುವ ಕೊರಗಿಗೂ ಇದರಲ್ಲಿ ಸ್ವಲ್ಪ ಪರಿಹಾರವಿದೆ. ಭಾಷಣ ಕೇಳಲು ಬಾರದ ಹುಡುಗ ಓದಲು ಜಾಗ ಸಿಕ್ಕರೆ ಬರುತ್ತಾನೆ. ದಿನಾ ಬಂದವನಿಗೆ ಗೋಡೆಯ ಮೇಲಿನ ಕನ್ನಡ ಕವಿಗಳ ಭಾವಚಿತ್ರ ಪರಿಚಯವಾಗುತ್ತದೆ, ಕಪಾಟಿನಲ್ಲಿ ಧೂಳು ಹಿಡಿದ ಕನ್ನಡ ಪುಸ್ತಕವೂ ಒಂದು ದಿನ ಕೈಗೆ ಬಂದೀತು.

ಸ್ವಂತ ಕಟ್ಟಡವಿಲ್ಲದ ಸಂಘಗಳಿಗೂ ಮಾಡಲು ಕೆಲಸವಿದೆ. ಕನ್ನಡಿಗರು ನಡೆಸುವ ಶಾಲೆ-ಕಾಲೇಜುಗಳು ಮಹಾನಗರದಲ್ಲಿ ಹಲವಿವೆ. ಪರೀಕ್ಷೆಯ ಎರಡು ತಿಂಗಳು ಅವುಗಳ ವಾಚನಾಲಯವನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡಲು ತಗಲುವ ಹೆಚ್ಚುವರಿ ಸಂಬಳ ಮತ್ತು ವಿದ್ಯುತ್ ಖರ್ಚನ್ನು ಸಂಘವೊಂದು ದತ್ತು ತೆಗೆದುಕೊಳ್ಳಬಹುದು. ದಾನಿಗಳ ಹೆಸರನ್ನು ಟ್ರೋಫಿಯ ಮೇಲೆ ಕೆತ್ತಿಸುವ ಬದಲು ಕುರ್ಚಿಯ ಬೆನ್ನಿನ ಮೇಲೆ ಬರೆಸಿದರೂ ಆದೀತು. ಅಕ್ಟೋಬರ್ ಬಂದರೆ ಮತ್ತೆ ಸೆಮಿಸ್ಟರ್ ಪರೀಕ್ಷೆ, ಮಾರ್ಚ್ ಬಂದರೆ ಇನ್ನೊಂದು. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಪ್ರತಿಭಾ ಪುರಸ್ಕಾರದ ಖರ್ಚಿನ ಕೆಳಗೆ ಒಂದು ಸಾಲು ಸೇರಿಸಲು ಇನ್ನೂ ಸಮಯವಿದೆ: ಓದುಕೋಣೆ, ಹತ್ತು ಕುರ್ಚಿ.